ಸ್ಯಾಂಕಿ ಟ್ಯಾಂಕ್‌ನಲ್ಲಿ ಟ್ಯಾಂಕ್ ಎಲ್ಲಿ? ನಮ್ಮ ನಾಡನ್ನು ಇಂಗ್ಲಿಷಿನಲ್ಲಿ ಹೇಳುವ ಪದಗಳು

ಎರಡು ವರ್ಷದ ಹಿಂದೆ ಇಂಗ್ಲೆಂಡಿನಿಂದ ನಮ್ಮ ಆಫೀಸಿಗೆ ಒಬ್ಬರು ಬಂದಿದ್ದರು. ಭಾನುವಾರ ಅವರಿಗೆ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಮಲ್ಲೇಶ್ವರದಲ್ಲಿ ದೋಸೆ ತಿಂದಾದ ಮೇಲೆ, ಹತ್ತಿರದಲ್ಲೇ ಸ್ಯಾಂಕಿ ಟ್ಯಾಂಕ್ ಇದೆ, ಒಂದು ಸುತ್ತು ಹಾಕೋಣ ಅಂದೆ. ಸುತ್ತು ಮುಗಿಯುತ್ತಾ ಬಂದಿತ್ತು. ಅವರು ಮೆಲ್ಲಗೆ ಕೇಳಿದರು: "ಕೆರೆ ಚೆನ್ನಾಗಿದೆ. ಆದರೆ ಟ್ಯಾಂಕ್ ಎಲ್ಲಿ?"

ಅವರ ಮನಸ್ಸಿನಲ್ಲಿದ್ದದ್ದು ಕಬ್ಬಿಣದ ನೀರಿನ ತೊಟ್ಟಿ, ಇಲ್ಲವೇ ಯುದ್ಧದ ಟ್ಯಾಂಕು. ನಾನು ಸುಮ್ನೆ ನೀರಿನ ಕಡೆ ಕೈ ತೋರಿಸಿದೆ.

ಈ ಮಾತು ಮರೆತೇ ಹೋಗಿತ್ತು. ಹೋದ ತಿಂಗಳು ಅಕ್ಕನ ಮಗಳು ನೆನಪಿಸಿದಳು. ಅವಳು ಹೊರದೇಶಕ್ಕೆ ಓದಲು ಹೋಗಬೇಕು, ಅದಕ್ಕೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕಟ್ಟಿದ್ದಾಳೆ. ಅದರಲ್ಲಿ ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ನಡುವೆ ಒಂದು ಕಾರ್ಡ್ ಕೊಡುತ್ತಾರೆ. ಯೋಚಿಸಲು ಒಂದು ನಿಮಿಷ, ಆಮೇಲೆ ಎರಡು ನಿಮಿಷದವರೆಗೆ ಒಬ್ಬಳೇ ಮಾತಾಡಬೇಕು. ಅಂಕ ಕೊಡುವ ನಾಲ್ಕು ಅಳತೆಗಳಲ್ಲಿ ಪದಸಂಪತ್ತೂ ಒಂದು. ಅಭ್ಯಾಸಕ್ಕೆ ಅಂತ ನಾನು ಕೊಟ್ಟ ಕಾರ್ಡ್, "ನಿಮ್ಮ ದೇಶದ ಒಂದು ಹಳೆಯ ಜಾಗದ ಬಗ್ಗೆ ಹೇಳಿ". ಅವಳು ಲಾಲ್‌ಬಾಗ್ ಆರಿಸಿಕೊಂಡಳು. "ಇಟ್ ಈಸ್ ಎ ವೆರಿ ಬ್ಯೂಟಿಫುಲ್ ಪ್ಲೇಸ್. ವೆರಿ ಓಲ್ಡ್. ವೆರಿ ನೈಸ್. ಲಾಟ್ ಆಫ್ ಟ್ರೀಸ್ ಆರ್ ದೇರ್." ಮೂವತ್ತು ಸೆಕೆಂಡಿಗೆ ಗಾಡಿ ನಿಂತಿತು.

ಅವಳೇನು ದಡ್ಡಿಯಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆದರೆ ಆಫೀಸಿನಲ್ಲಿ ಮೇಲ್ ಬರೆಯುವ ಇಂಗ್ಲಿಷ್ ಬೇರೆ, ಊರನ್ನು ಕಣ್ಣಿಗೆ ಕಟ್ಟುವಂತೆ ಹೇಳುವ ಇಂಗ್ಲಿಷ್ ಬೇರೆ. ಪರೀಕ್ಷೆ ಬರೆಯುವವರು, ಹೋಂಸ್ಟೇ ನಡೆಸುವವರು, ಹೊರಗಿನವರನ್ನು ಕ್ಯಾಬಿನಲ್ಲಿ ಸುತ್ತಿಸುವವರು, ಎಲ್ಲರಿಗೂ ಇದೇ ತೊಡಕು.

## ಮೊದಲು ಹೆಸರು, ಆಮೇಲೆ ಹೊಗಳಿಕೆ

ಮಾತು ನಿಂತಾಗ ನಾವು ದೊಡ್ಡ ದೊಡ್ಡ ವಿಶೇಷಣ ಹುಡುಕುತ್ತೇವೆ. ಬ್ಯೂಟಿಫುಲ್ ಸಾಲದು ಅಂತ ಬ್ರೆತ್‌ಟೇಕಿಂಗ್, ಅದೂ ಸಾಲದು ಅಂತ ಮ್ಯಾಗ್ನಿಫಿಸೆಂಟ್. ಆದರೆ ಕೇಳುವವರ ಕಣ್ಣ ಮುಂದೆ ಏನೂ ಬರುವುದಿಲ್ಲ. "ಅದ್ಭುತವಾದ ಜಾಗ" ಅಂದರೆ ನಿಮಗೆ ಏನು ಕಾಣಿಸಿತು? ಏನೂ ಇಲ್ಲ. "ಏರಿಯ ಮೇಲೆ ಹೊಂಗೆ ಮರದ ಸಾಲಿರುವ ಕೆರೆ" ಅಂದರೆ? ಹೊಗಳದಿದ್ದರೂ ಕಾಣಿಸಿತು, ಅಲ್ವಾ?

ಹಾಗಾಗಿ ಮೊದಲು ಬೇಕಾದ್ದು ವಸ್ತುವಿನ ಸರಿಯಾದ ಹೆಸರು. ಕೆರೆಯೋ ಕಟ್ಟೆಯೋ, ಬೆಟ್ಟವೋ ಬಂಡೆಯೋ, ಜಾತ್ರೆಯೋ ಮೆರವಣಿಗೆಯೋ. ಹೆಸರು ಸಿಕ್ಕಿದರೆ ವಿಶೇಷಣ ಒಂದೇ ಸಾಕು.

## ಸೀನರಿ, ವ್ಯೂ, ಲ್ಯಾಂಡ್‌ಸ್ಕೇಪ್

ಮೂರನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಮೂರೂ ಬೇರೆ.

ವ್ಯೂ ಅಂದರೆ ಒಂದು ಕಡೆ ನಿಂತಾಗ ಕಾಣುವ ನೋಟ. ಅದಕ್ಕೆ ನಿಲ್ಲುವ ಜಾಗ ಬೇಕು. ನಂದಿಬೆಟ್ಟದ ತುದಿಯಿಂದ ಕಾಣುವುದು ವ್ಯೂ. ನಾಲ್ಕು ಹೆಜ್ಜೆ ಆಚೆ ಹೋದರೆ ವ್ಯೂ ಬದಲಾಗುತ್ತದೆ.

ಲ್ಯಾಂಡ್‌ಸ್ಕೇಪ್ ಅಂದರೆ ನೆಲದ ಮೈಕಟ್ಟು. ನೀವು ನೋಡಿ, ಬಿಡಿ, ಅದು ಹಾಗೇ ಇರುತ್ತದೆ. ರಾಮನಗರದ ಗುಂಡುಕಲ್ಲುಗಳ ಬೆಟ್ಟ, ಬಿಜಾಪುರದ ಕಡೆಯ ಕರಿಮಣ್ಣಿನ ಬಯಲು, ಚಿಕ್ಕಮಗಳೂರಿನ ಏರಿಳಿತ, ಇವೆಲ್ಲ ಬೇರೆ ಬೇರೆ ಲ್ಯಾಂಡ್‌ಸ್ಕೇಪ್. ಈ ಪದ ಇಂಗ್ಲಿಷಿಗೆ ಬಂದದ್ದು ಡಚ್ ಚಿತ್ರಕಾರರಿಂದ. ಮೊದಲು ಅದಕ್ಕೆ ನಾಡಿನ ನೋಟದ ಚಿತ್ರ ಅನ್ನುವ ಅರ್ಥವೇ ಇತ್ತು.

ಸೀನರಿ ಹುಟ್ಟಿದ್ದು ನಾಟಕದ ರಂಗದ ಮೇಲೆ. ನಮ್ಮ ಕಂಪನಿ ನಾಟಕದವರು ಬಣ್ಣದ ಪರದೆಗೆ ಸೀನ್‌ಸೀನರಿ ಅನ್ನುತ್ತಿದ್ದರಲ್ಲ, ಇಂಗ್ಲಿಷಿನಲ್ಲೂ ಅದರ ಹಳೆಯ ಅರ್ಥ ಅದೇ. ಆಮೇಲೆ ಚೆಂದದ ನಿಸರ್ಗಕ್ಕೂ ಅಂಟಿಕೊಂಡಿತು. ಒಂದು ಎಚ್ಚರ: ಸೀನರೀಸ್ ಅನ್ನಬಾರದು. ನಾವು ಅಕ್ಕಿಗಳು, ನೀರುಗಳು ಅನ್ನುತ್ತೇವಾ? ಹಾಗೆಯೇ ಸೀನರಿಗೆ ಬಹುವಚನವಿಲ್ಲ. ಬೆಂಗಳೂರಿನಲ್ಲಿ ದಿನಾ ಕೇಳುವ ತಪ್ಪು ಇದು.

## ಮೇಜಿನ ಮೇಲಿರುವ ಊರು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಆದರೆ ನಾವು ಬೆಟ್ಟದ ಮೇಲಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಯಾಕೆಂದರೆ ಸುತ್ತಲಿನ ನೆಲವೆಲ್ಲ ಅಷ್ಟೇ ಎತ್ತರದಲ್ಲಿದೆ. ಇದಕ್ಕೆ ಇಂಗ್ಲಿಷಿನಲ್ಲಿ ಪ್ಲಾಟೋ, ಕನ್ನಡದಲ್ಲಿ ಪ್ರಸ್ಥಭೂಮಿ. ನಾವು ತಿನ್ನುವ ಪ್ಲೇಟಿಗೂ ಈ ಪ್ಲಾಟೋಗೂ ಬೇರು ಒಂದೇ, ಚಪ್ಪಟೆ ಅನ್ನುವ ಅರ್ಥದ ಫ್ರೆಂಚ್ ಪದ.

ಒಂದು ಮೇಜು ಅಂದುಕೊಳ್ಳಿ. ಬೆಂಗಳೂರು, ಮೈಸೂರು, ಶಿವಮೊಗ್ಗ ಎಲ್ಲ ಮೇಜಿನ ಮೇಲೆ. ಮಂಗಳೂರು, ಉಡುಪಿ ಕೆಳಗೆ ನೆಲದ ಮೇಲೆ. ಮೇಜಿನ ಅಂಚೇ ಪಶ್ಚಿಮ ಘಟ್ಟ. ಆಗುಂಬೆಯಲ್ಲಿ ನಿಂತು ಕೆಳಗೆ ನೋಡಿದರೆ ಕಾಣುವುದು ಮೇಜಿನ ಅಂಚಿನಿಂದ ಕಾಣುವ ನೆಲ. ಭೂಗೋಳದವರು ಇಂಥ ಕಡಿದಾದ ಅಂಚಿಗೆ ಎಸ್ಕಾರ್ಪ್‌ಮೆಂಟ್ ಅನ್ನುತ್ತಾರೆ. ಘಾಟ್ಸ್ ಅನ್ನುವ ಇಂಗ್ಲಿಷ್ ಪದ ನಮ್ಮ ನೆಲದ್ದೇ. ಕಾಶಿಯಲ್ಲಿ ನದಿಗೆ ಇಳಿಯುವ ಮೆಟ್ಟಿಲೂ ಘಾಟ್, ಇಲ್ಲಿ ಕರಾವಳಿಗೆ ಇಳಿಯುವ ಈ ದೊಡ್ಡ ಮೆಟ್ಟಿಲೂ ಘಾಟ್.

ಬೆಟ್ಟಕ್ಕೆ ಹಿಲ್ ಅನ್ನಬೇಕೋ ಮೌಂಟನ್ ಅನ್ನಬೇಕೋ ಅಂತ ತುಂಬಾ ಜನ ಕೇಳುತ್ತಾರೆ. ಎಲ್ಲರೂ ಒಪ್ಪಿದ ಎತ್ತರದ ಗೆರೆ ಇಲ್ಲ. 1,478 ಮೀಟರಿನ ನಂದಿ ನಮಗೆ ಹಿಲ್ಸ್. ಅದಕ್ಕಿಂತ ಕುಳ್ಳಗಿರುವ ಗುಡ್ಡವನ್ನೂ ಬ್ರಿಟನ್ನಿನವರು ಮೌಂಟನ್ ಅನ್ನುವುದುಂಟು. ಹಾಗಾಗಿ ಸ್ಥಳದ ರೂಢಿಯ ಹೆಸರನ್ನೇ ಹೇಳಿ, ಎತ್ತರದ ಅಂಕಿ ಜೊತೆಗಿಡಿ. ಕಲ್ಲಿನ ವಿಷಯದಲ್ಲಿ ಮಾತ್ರ ವ್ಯತ್ಯಾಸ ಗಟ್ಟಿಯಾಗಿದೆ: ಕೈಯಲ್ಲಿ ಎತ್ತಬಹುದಾದರೆ ಸ್ಟೋನ್, ಉರುಟಾದ ದೊಡ್ಡ ಗುಂಡಾದರೆ ಬೋಲ್ಡರ್, ಸಾವನದುರ್ಗದಂತೆ ಇಡೀ ಬೆಟ್ಟವೇ ಒಂದು ಬಂಡೆಯಾದರೆ ಮಾನೊಲಿತ್. ಮಾನೊ ಅಂದರೆ ಒಂದು, ಲಿತ್ ಅಂದರೆ ಕಲ್ಲು. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನಿಗೂ ಇದೇ ಪದ ಸಲ್ಲುತ್ತದೆ, ಒಂದೇ ಕಲ್ಲಿನಲ್ಲಿ ಕಡೆದದ್ದು.

## ನೀರು ನಿಂತರೆ ಏನು, ಬಿದ್ದರೆ ಏನು

ಈಗ ಆ ಟ್ಯಾಂಕಿನ ಕಥೆಗೆ ಬರೋಣ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಅದಕ್ಕೆ ಹಿಂದಿನವರು ತಗ್ಗಿಗೆ ಅಡ್ಡವಾಗಿ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಹೋಗುತ್ತಿತ್ತು. ಮಣಿ ಪೋಣಿಸಿದ ಹಾಗೆ ಕೆರೆಗಳ ಸಾಲು. ಇಂಥ ಕಟ್ಟಿದ ಕೆರೆಗೆ ಭಾರತದ ಇಂಗ್ಲಿಷಿನಲ್ಲಿ ಟ್ಯಾಂಕ್ ಅನ್ನುವ ರೂಢಿ ಬಂತು. ಸರ್ಕಾರಿ ಕಾಗದಗಳಲ್ಲಿ ಇವತ್ತಿಗೂ ಹಾಗೇ ಇದೆ. ಸ್ಯಾಂಕಿ ಕೆರೆ ಕಟ್ಟಿಸಿದ್ದು ರಿಚರ್ಡ್ ಸ್ಯಾಂಕಿ ಅನ್ನುವ ಬ್ರಿಟಿಷ್ ಎಂಜಿನಿಯರ್, 1882ರಲ್ಲಿ. ಹೆಸರು ಅವರದೇ ನಿಂತಿತು.

ಹೊರಗಿನವರಿಗೆ ಲೇಕ್ ಅನ್ನಿ, ಅರ್ಥವಾಗುತ್ತದೆ. ಆದರೆ ಲೇಕ್ ಅಂದರೆ ತಾನಾಗಿ ಆದದ್ದು ಅಂದುಕೊಳ್ಳುತ್ತಾರೆ. ಅದಕ್ಕೇ ಮ್ಯಾನ್‌ಮೇಡ್ ಲೇಕ್ ಅನ್ನುವುದು ಇನ್ನೂ ಸರಿ. ಏರಿಗೆ ಬಂಡ್, ತೂಬಿಗೆ ಸ್ಲೂಸ್, ಕೋಡಿಗೆ ವಿಯರ್. ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಅಂಗಳಕ್ಕೆ ಲೇಕ್ ಬೆಡ್. ಊರಿನ ಕಥೆ ಹೇಳುವಾಗ ಈ ಪದ ಬೇಕೇ ಬೇಕು. ಬಸ್ಸಿಗೆ ಕಾಯುತ್ತಾ ಕೆರೆಯೊಳಗೆ ನಿಂತಿದ್ದೇವೆ ಅಂತ ಹೇಳಿದರೆ ಯಾರಿಗಾದರೂ ಕುತೂಹಲ ಹುಟ್ಟುತ್ತದೆ.

ಮೆಟ್ಟಿಲಿರುವ ಕಲ್ಯಾಣಿ ಸ್ಟೆಪ್ಡ್ ಟ್ಯಾಂಕ್. ಅಳಿವೆ ಎಸ್ಚುವರಿ, ಹಿನ್ನೀರು ಬ್ಯಾಕ್‌ವಾಟರ್ಸ್.

ಇನ್ನು ಬೀಳುವ ನೀರು. ಬಂಡೆಗೆ ತಾಗದೆ ಸೀದಾ ಕೆಳಗೆ ಬಿದ್ದರೆ ಅದು ಪ್ಲಂಜ್. ಬಂಡೆಯಿಂದ ಬಂಡೆಗೆ ಇಳಿಯುತ್ತಾ ಬಂದರೆ ಕ್ಯಾಸ್ಕೇಡ್. ಶರಾವತಿ 253 ಮೀಟರ್ ಕೆಳಗೆ ಬೀಳುವ ಜೋಗದಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. ರಾಜ ಸೀದಾ ಬೀಳುತ್ತಾನೆ, ರಾಣಿ ಬಂಡೆಯ ಮೇಲೆ ಬಳುಕುತ್ತಾ ಇಳಿಯುತ್ತಾಳೆ. ಉಳಿದ ಎರಡಕ್ಕೆ ಹೆಸರೇ ವರ್ಣನೆ. ಗರ್ಜಿಸುವುದು ರೋರರ್, ಚಿಮ್ಮುವುದು ರಾಕೆಟ್. ಹೆಸರಿಟ್ಟವರು ಬ್ಯೂಟಿಫುಲ್ ಅನ್ನಲಿಲ್ಲ, ನೀರು ಏನು ಮಾಡುತ್ತಿದೆ ಅಂತ ನೋಡಿದರು.

## ಕಾಡು, ತೋಟ, ಗದ್ದೆ

ಮರ ಜಾಸ್ತಿ ಇದ್ದ ಕಡೆಯೆಲ್ಲ ಜಂಗಲ್ ಅನ್ನುವುದು ನಮ್ಮ ಅಭ್ಯಾಸ. ಅದು ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದ ಪದ. ತಮಾಷೆಯೆಂದರೆ ಸಂಸ್ಕೃತದ ಜಾಂಗಲಕ್ಕೆ ಒಣನೆಲ ಅನ್ನುವ ಅರ್ಥ. ಈಗ ಇಂಗ್ಲಿಷಿನವರಿಗೆ ಜಂಗಲ್ ಅಂದರೆ ಬಿಸಿ, ತೇವ, ಕಾಲಿಡಲು ಜಾಗವಿಲ್ಲದ ದಟ್ಟ ಕಾಡು. ಆಗುಂಬೆಯಂಥ ವರ್ಷವಿಡೀ ಹಸಿರಾದ ಕಾಡು ಎವರ್‌ಗ್ರೀನ್ ಫಾರೆಸ್ಟ್. ಬಂಡೀಪುರದಂಥ ಎಲೆ ಉದುರುವ ಕಾಡು ಡೆಸಿಡ್ಯುವಸ್. ಕುರುಚಲು ಕಾಡು ಸ್ಕ್ರಬ್. ಕೊಡಗಿನ ದೇವರಕಾಡು ಸೇಕ್ರೆಡ್ ಗ್ರೋವ್.

ನಮಗೆ ತೋಟ ಒಂದೇ ಪದ. ಇಂಗ್ಲಿಷಿನಲ್ಲಿ ಅದು ನಾಲ್ಕಾಗುತ್ತದೆ. ಹೂವಿನ ತೋಟ ಗಾರ್ಡನ್, ಮಾವಿನ ತೋಪು ಆರ್ಚರ್ಡ್, ಅಡಿಕೆ ಅಥವಾ ರಬ್ಬರ್ ತೋಟ ಪ್ಲಾಂಟೇಶನ್, ಬಂಗಲೆ, ಆಳುಕಾಳು ಎಲ್ಲ ಇರುವ ದೊಡ್ಡ ಕಾಫಿ ತೋಟ ಎಸ್ಟೇಟ್. ಪ್ಯಾಡಿ ಅನ್ನುವ ಪದದಲ್ಲೂ ಒಂದು ಗೊಂದಲ ಇದೆ. ಮಲಯ ಭಾಷೆಯಿಂದ ಬಂದ ಈ ಪದ ನಮಗೆ ಭತ್ತ. ಹೊರಗಿನ ಹಲವರಿಗೆ ಪ್ಯಾಡಿ ಅಂದರೆ ಗದ್ದೆಯೇ. ಪ್ಯಾಡಿ ಫೀಲ್ಡ್ ಅಂದುಬಿಟ್ಟರೆ ಇಬ್ಬರಿಗೂ ಸರಿ.

## ಜೋಡಿ ತಪ್ಪಿದ ಪದ

ಸರಿಯಾದ ಪದ ಗೊತ್ತಿದ್ದರೂ ಮಾತು ಎಡವುವುದು ಎಲ್ಲಿ ಅಂದರೆ ಜೋಡಿಯಲ್ಲಿ. ಕನ್ನಡದಲ್ಲಿ ತುಂಬು ಗರ್ಭಿಣಿ ಅನ್ನುತ್ತೇವೆ, ದೊಡ್ಡ ಗರ್ಭಿಣಿ ಅಂದರೆ ಮನೆಮಂದಿ ನಗುತ್ತಾರೆ. ಜಡಿಮಳೆ ಇದೆ, ಜಡಿಬಿಸಿಲು ಇಲ್ಲ. ಯಾಕೆ ಅಂದರೆ ಉತ್ತರವಿಲ್ಲ, ರೂಢಿ ಅಷ್ಟೇ. ಇಂಗ್ಲಿಷಿನಲ್ಲೂ ಹಾಗೇ. ಕಾಫಿ ಸ್ಟ್ರಾಂಗ್, ಮಳೆ ಹೆವಿ. ಅದಲು ಬದಲು ಮಾಡುವ ಹಾಗಿಲ್ಲ.

ನಮ್ಮ ನಾಡಿಗೆ ಬೇಕಾದ ಕೆಲವು ಜೋಡಿಗಳು: ಮಳೆ ಬಿದ್ದ ಮೇಲಿನ ಮಲೆನಾಡಿಗೆ ಲಷ್, ಅಲೆ ಅಲೆಯಾಗಿ ಹೋಗುವ ಗುಡ್ಡಕ್ಕೆ ರೋಲಿಂಗ್, ಕಲ್ಲುಮುಳ್ಳಿನ ಒರಟು ನೆಲಕ್ಕೆ ರಗ್ಗೆಡ್, ಮಳೆ ಕಡಿಮೆಯ ಚಿತ್ರದುರ್ಗ, ಬಳ್ಳಾರಿಯ ಕಡೆಗೆ ಸೆಮಿ-ಆರಿಡ್. ಲಷ್ ಬಂಡೆ ಇಲ್ಲ, ರೋಲಿಂಗ್ ಕಾಡೂ ಇಲ್ಲ. ಮತ್ತೆ, ಬ್ರೆತ್‌ಟೇಕಿಂಗ್ ಮುಂದೆ ವೆರಿ ಬೇಡ. ಆ ಪದದ ಹೊಟ್ಟೆಯಲ್ಲೇ ವೆರಿ ಇದೆ.

## ಕಸ್ಟಮ್, ಟ್ರೆಡಿಷನ್, ರಿಚುಅಲ್

ಸಂಸ್ಕೃತಿಯ ಪದಗಳಿಗೆ ಬಂದರೆ, ಕಲ್ಚರ್ ಎಲ್ಲಕ್ಕಿಂತ ದೊಡ್ಡ ಚೀಲ. ಬೇರು ಲ್ಯಾಟಿನ್, ಅರ್ಥ ನೆಲ ಉಳುವುದು. ಅಗ್ರಿಕಲ್ಚರ್‌ನಲ್ಲಿ ಇರುವುದೂ ಅದೇ. ಊಟ, ಭಾಷೆ, ಹಾಡು, ನಂಬಿಕೆ ಎಲ್ಲ ಆ ಚೀಲದೊಳಗೆ. ಒಳಗಿನ ಚಿಕ್ಕ ಚೀಲಗಳನ್ನು ಬೇರೆ ಮಾಡಿದರೆ ಮಾತು ಚುರುಕಾಗುತ್ತದೆ.

ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬರುವುದು ಕಸ್ಟಮ್, ಅಂದರೆ ಎಲ್ಲರೂ ಮಾಡುವ ವಾಡಿಕೆ. ತಲೆಮಾರಿನಿಂದ ತಲೆಮಾರಿಗೆ ಕೈ ಬದಲಿಸಿಕೊಂಡು ಬಂದದ್ದು ಟ್ರೆಡಿಷನ್. ಇದಾದ ಮೇಲೆ ಇದು ಅಂತ ಕ್ರಮ ಇರುವ ಆಚರಣೆ ರಿಚುಅಲ್.

ಬೆಂಗಳೂರು ಕರಗವನ್ನೇ ತೆಗೆದುಕೊಳ್ಳಿ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರಡುತ್ತದೆ. ಇಡೀ ಉತ್ಸವ ಫೆಸ್ಟಿವಲ್. ಅದಕ್ಕೂ ಮುಂಚಿನ ದಿನಗಳ ಪೂಜೆಗಳು ರಿಚುಅಲ್ಸ್. ಪೇಟೆಯ ಬೀದಿಗಳಲ್ಲಿ ಹೋಗುವುದು ಪ್ರೊಸೆಶನ್. ಹೆಣ್ಣಿನ ಉಡುಗೆಯಲ್ಲಿ, ಮಲ್ಲಿಗೆ ತುಂಬಿದ ಕರಗವನ್ನು ತಲೆಯ ಮೇಲಿಟ್ಟು ನಡೆಯುವವರು ಕರಗ ಬೇರರ್. ಕತ್ತಿ ಹಿಡಿದ ವೀರಕುಮಾರರಿಗೆ ಇಂಗ್ಲಿಷ್ ಹುಡುಕಬೇಡಿ, ವೀರಕುಮಾರಾಸ್ ಅಂತಲೇ ಹೇಳಿ, ಕಾವಲಿಗೆ ಇರುವವರು ಅಂತ ಸೇರಿಸಿ. ದಾರಿಯಲ್ಲಿ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವುದು ಟ್ರೆಡಿಷನ್, ದರ್ಗಾ ಅಂದರೆ ಶ್ರೈನ್. ಇದನ್ನು ನಡೆಸಿಕೊಂಡು ಬಂದ ತಿಗಳರು ಕಮ್ಯುನಿಟಿ. ಒಂದೇ ರಾತ್ರಿಯಲ್ಲಿ ಏಳು ಪದ ಸಿಕ್ಕಿತು. ಸುಮ್ನೆ ಗ್ರೇಟ್ ಇಂಡಿಯನ್ ಕಲ್ಚರ್ ಅಂದರೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಹೆರಿಟೇಜ್ ಅಂದರೆ ಹಿರಿಯರಿಂದ ಪಾಲಿಗೆ ಬಂದದ್ದು, ಅಜ್ಜನ ಮನೆ ಇದ್ದ ಹಾಗೆ. ಯುನೆಸ್ಕೊ ಇದನ್ನು ಎರಡು ಮಾಡುತ್ತದೆ. ಮುಟ್ಟಲು ಆಗುವುದು ಟ್ಯಾಂಜಿಬಲ್: 1986ರಲ್ಲಿ ವಿಶ್ವ ಪಾರಂಪರಿಕ ತಾಣವಾದ ಹಂಪಿ, 2023ರಲ್ಲಿ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು. ಮುಟ್ಟಲು ಆಗದ್ದು, ಅಂದರೆ ಹಾಡು, ಕುಣಿತ, ಕಸುಬಿನ ತಿಳಿವಳಿಕೆ, ಇಂಟ್ಯಾಂಜಿಬಲ್. ಅಜ್ಜನ ಮನೆ ಟ್ಯಾಂಜಿಬಲ್, ಅಜ್ಜಿಯ ಉಪ್ಪಿನಕಾಯಿಯ ಹದ ಇಂಟ್ಯಾಂಜಿಬಲ್.

## ‘ಅಂತೆ’ಗೆ ಇಂಗ್ಲಿಷ್ ಏನು?

ನನಗೆ ಈ ವಿಷಯದಲ್ಲಿ ಅತಿ ಇಷ್ಟದ ಭಾಗ ಇದು. ಕನ್ನಡದಲ್ಲಿ ಒಂದು ಪುಟ್ಟ ಪದವಿದೆ, ಅಂತೆ. "ರಾಜ ಬಂದ" ಅಂದರೆ ಬಂದದ್ದು ಖಂಡಿತ. "ರಾಜ ಬಂದನಂತೆ" ಅಂದರೆ ಯಾರೋ ಹೇಳಿದ್ದು, ಹೊಣೆ ನನ್ನದಲ್ಲ. ಇಂಗ್ಲಿಷಿನಲ್ಲಿ ಇಂಥ ಬಾಲ ಇಲ್ಲ. ಅದಕ್ಕೆ ಬದಲಾಗಿ ವಾಕ್ಯದ ತಲೆಗೆ ಒಂದು ಟೋಪಿ ಇಡುತ್ತಾರೆ: ಇಟ್ ಈಸ್ ಸೆಡ್ ದಟ್, ಲೆಜೆಂಡ್ ಹ್ಯಾಸ್ ಇಟ್ ದಟ್, ಈಸ್ ಬಿಲೀವ್ಡ್ ಟು. ಟೋಪಿ ಮರೆತರೆ ಕಥೆ ಚರಿತ್ರೆಯಾಗಿಬಿಡುತ್ತದೆ.

ಉದಾಹರಣೆಗೆ ನಮ್ಮ ಊರಿನ ಹೆಸರೇ ಸಾಕು. ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದನಂತೆ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳಂತೆ, ಬೆಂದಕಾಳೂರು ಬೆಂಗಳೂರಾಯಿತಂತೆ. ಇದು ಲೆಜೆಂಡ್, ಐತಿಹ್ಯ. ಆ ಬಲ್ಲಾಳನ ಆಳ್ವಿಕೆ ಶುರುವಾದದ್ದು 12ನೇ ಶತಮಾನದ ಕೊನೆಯ ಭಾಗದಲ್ಲಿ. ಆದರೆ ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರು ಅನ್ನುವ ಹೆಸರು ಆಗಲೇ ಇದೆ, ಅಲ್ಲಿ ನಡೆದ ಕಾಳಗದ ಜೊತೆಗೆ. ಅಜ್ಜಿ ಕಾಳು ಬೇಯಿಸುವುದಕ್ಕೆ ಹೆಚ್ಚುಕಡಿಮೆ ಮುನ್ನೂರು ವರ್ಷ ಮುಂಚೆ. ಶಾಸನ ಇನ್‌ಸ್ಕ್ರಿಪ್ಶನ್, ವೀರಗಲ್ಲು ಹೀರೋ ಸ್ಟೋನ್. ಇಲ್ಲಿ ಟೋಪಿ ಬೇಡ. ಕಲ್ಲೇ ಸಾಕ್ಷಿ.

ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಎರಡೂ ಬಗೆಯ ವಾಕ್ಯ ಬೇಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಪರಿಷೆ ನಡೆಯುವುದು ಸಂಗತಿ. ಒಂದು ಬಸವ ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿತ್ತು, ರೈತರು ಅದನ್ನು ಒಲಿಸಿಕೊಳ್ಳಲು ಮೊದಲ ಬೆಳೆ ಒಪ್ಪಿಸಿದರು ಅನ್ನುವುದು ಲೆಜೆಂಡ್. ಪರಿಷೆ, ಜಾತ್ರೆ ಎರಡಕ್ಕೂ ಫೇರ್. ಕಡಲೆಕಾಯಿಗೆ ನಾವು ಗ್ರೌಂಡ್‌ನಟ್ ಅನ್ನುತ್ತೇವೆ, ಅಮೆರಿಕದವರಿಗೆ ಪೀನಟ್ ಅನ್ನಿ.

ಮಿತ್ ಅನ್ನುವ ಪದವನ್ನು ಜೋಪಾನವಾಗಿ ಬಳಸಿ. ಓದಿದವರ ಭಾಷೆಯಲ್ಲಿ ಅದು ದೇವರು, ಸೃಷ್ಟಿಯ ಪುರಾಣ ಕಥೆ. ಬೀದಿಯ ಇಂಗ್ಲಿಷಿನಲ್ಲಿ ಅದಕ್ಕೆ ಸುಳ್ಳು ಅನ್ನುವ ಅರ್ಥವೂ ಇದೆ. ಭಕ್ತರ ಮುಂದೆ ನಿಂತು ಮಿತ್ ಅಂದರೆ ಮುಖ ಗಂಟಾಗುವುದು ಖಂಡಿತ.

## ಒಂದು ಬಾಗಿಲು, ಐದು ಕ್ರಿಯಾಪದ

ಚರಿತ್ರೆ ಹೇಳುವಾಗ ಹೆಸರಿಗಿಂತ ಕ್ರಿಯಾಪದ ಮುಖ್ಯ. ಸಿಟಿ ಮಾರ್ಕೆಟ್ ಪಕ್ಕ, ಕೆ.ಆರ್. ರಸ್ತೆಯಲ್ಲಿ, ಬಸ್ಸುಗಳ ಹೊಗೆಯ ನಡುವೆ ಒಂದು ಕಲ್ಲಿನ ಬಾಗಿಲಿದೆ, ಡೆಲ್ಲಿ ಗೇಟ್. ತುಂಬಾ ಜನ ಅದನ್ನು ದಿನಾ ದಾಟಿ ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ಬೆಂಗಳೂರು ಕೋಟೆಯಲ್ಲಿ ಉಳಿದಿರುವುದು ಅದು ಮತ್ತು ಒಂದಿಷ್ಟು ಗೋಡೆ.

ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದರು, ಇಲ್ಲಿ ಫೌಂಡೆಡ್. ಆಗಿನದು ಮಣ್ಣಿನ ಕೋಟೆ. ಹೈದರಾಲಿ 1761ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ, ರೀಬಿಲ್ಟ್. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ವಶ ಮಾಡಿಕೊಂಡಿತು, ಕ್ಯಾಪ್ಚರ್ಡ್. ಆಮೇಲೆ ಗೋಡೆಗಳನ್ನು ಕೆಡವಿದರು, ಡೆಮಾಲಿಶ್ಡ್. ಬಾಗಿಲು ಉಳಿದಿದೆ, ಸರ್ವೈವ್ಸ್. ಈ ಐದು ಪದ ಸಾಲಾಗಿ ಇಟ್ಟರೆ ಊರಿನ ಚರಿತ್ರೆಯ ಬೆನ್ನುಮೂಳೆ ಸಿಕ್ಕಿತು.

ಇಲ್ಲಿ ಕನ್ನಡದ ಇನ್ನೊಂದು ಜಾಣತನ ನೋಡಿ. ಕಟ್ಟಿದ ಬೇರೆ, ಕಟ್ಟಿಸಿದ ಬೇರೆ. ಬೇಲೂರಿನ ಚೆನ್ನಕೇಶವ ಗುಡಿಯನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ, ಕಲ್ಲು ಕೆತ್ತಿದವರು ಶಿಲ್ಪಿಗಳು. ಇಂಗ್ಲಿಷಿನಲ್ಲಿ ಬಿಲ್ಟ್ ಅಂದರೆ ಆ ವ್ಯತ್ಯಾಸ ಮಾಯ. ಆ ‘ಇಸು’ವಿನ ಕೆಲಸ ಮಾಡುವ ಪದ ಕಮಿಶನ್ಡ್. ರಾಜ ಕಮಿಶನ್ಡ್, ಶಿಲ್ಪಿ ಕಾರ್ವ್ಡ್.

ಮನೆತನ, ರಾಜ್ಯ, ಸಾಮ್ರಾಜ್ಯ ಇವೂ ಕಲಸಿ ಹೋಗುತ್ತವೆ. ಮನೆತನ ಡೈನಾಸ್ಟಿ, ಸಾಮ್ರಾಜ್ಯ ಎಂಪೈರ್. ವಿಜಯನಗರ ಒಂದೇ ಎಂಪೈರ್, ಆದರೆ ಆಳಿದ್ದು ನಾಲ್ಕು ಡೈನಾಸ್ಟಿ: ಸಂಗಮ, ಸಾಳುವ, ತುಳುವ, ಅರವೀಡು. ಒಬ್ಬ ರಾಜ ಆಳಿದ ಕಾಲ ರೇನ್. ಕೆಂಪೇಗೌಡರು ವಿಜಯನಗರದ ಕೆಳಗಿನ ನಾಡಪ್ರಭು, ಅದಕ್ಕೆ ಅವರಿಗೆ ಕಿಂಗ್ ಅಲ್ಲ, ಚೀಫ್ಟನ್.

ಹಿಸ್ಟಾರಿಕ್, ಹಿಸ್ಟಾರಿಕಲ್ ಜೋಡಿಯೂ ಕಾಡುತ್ತದೆ. ಹಿಂದಿನ ಕಾಲಕ್ಕೆ ಸಂಬಂಧಪಟ್ಟದ್ದೆಲ್ಲ ಹಿಸ್ಟಾರಿಕಲ್. ಚರಿತ್ರೆಯಲ್ಲಿ ಮಹತ್ವದ್ದು ಮಾತ್ರ 'ಹಿಸ್ಟಾರಿಕ್'. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರ ನವೆಂಬರ್ 1 ಹಿಸ್ಟಾರಿಕ್ ದಿನ. ನಮ್ಮ ತಾತನ ಆ ವರ್ಷದ ರೇಷನ್ ಕಾರ್ಡ್ ಹಿಸ್ಟಾರಿಕಲ್, ಅಷ್ಟೇ.

## 1537 ಯಾಕೆ 16ನೇ ಶತಮಾನ?

ಅಕ್ಕನ ಮಗಳು ಇಲ್ಲಿ ಜಗಳಕ್ಕೇ ನಿಂತಳು. ವರ್ಷದಲ್ಲಿ 15 ಇದೆ, ಶತಮಾನ ಯಾಕೆ 16?

ಮನೆಯಲ್ಲಿ ವಯಸ್ಸು ಹೇಳುವ ರೀತಿ ನೆನಪು ಮಾಡಿಕೊಳ್ಳಿ. "ಹದಿನೈದು ತುಂಬಿ ಹದಿನಾರು ನಡೀತಿದೆ" ಅನ್ನುತ್ತೇವಲ್ಲ. ಶತಮಾನವೂ ಹಾಗೇ, ನಡೆಯುತ್ತಿರುವುದನ್ನು ಎಣಿಸುತ್ತದೆ. 1537ರಲ್ಲಿ ಹದಿನೈದು ನೂರು ತುಂಬಿ ಹದಿನಾರನೆಯದು ನಡೆಯುತ್ತಿತ್ತು. 1501ರಿಂದ 1600ರವರೆಗೆ 16ನೇ ಶತಮಾನ.

ಇನ್ನೊಂದು ಅಂಕಿಯ ಬಲೆ: ಲಕ್ಷ, ಕೋಟಿ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್.

## ಅನುವಾದ ಬೇಡದ ಪದಗಳು

ಎಲ್ಲದಕ್ಕೂ ಇಂಗ್ಲಿಷ್ ಪದ ಹುಡುಕಿದರೆ ಅನಾಹುತವೂ ಆಗುತ್ತದೆ. ಬ್ರಿಟಿಷರ ಕಾಲದ ಬರಹಗಳಲ್ಲಿ ತುಳುನಾಡಿನ ಭೂತಾರಾಧನೆಗೆ ಡೆವಿಲ್ ವರ್ಶಿಪ್ ಅಂತ ಬರೆದರು. ಊರು ಕಾಯುವ ದೈವ ಅವರ ಪದದಲ್ಲಿ ಸೈತಾನ ಆಯಿತು. ಒಂದು ಪದ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ನೋಡಿ.

ಇದಕ್ಕೆ ಸುಲಭದ ದಾರಿ ಇದೆ. ಕನ್ನಡ ಪದವನ್ನೇ ಹೇಳಿ, ಬೆನ್ನಿಗೇ ಅರ್ಧ ವಾಕ್ಯದ ವಿವರಣೆ ಕೊಡಿ. ವಿವರಣೆಯಲ್ಲಿ ಎರಡು ವಿಷಯ ಇರಲಿ: ಅದು ಯಾವ ಬಗೆಯದು, ಉಳಿದವಕ್ಕಿಂತ ಅದರ ಗುರುತೇನು. ಯಕ್ಷಗಾನ ಯಾವ ಬಗೆ? ಡ್ಯಾನ್ಸ್-ಡ್ರಾಮಾ. ಗುರುತು? ಕರಾವಳಿ, ಮಲೆನಾಡಿನದು, ಭಾಗವತರ ಹಾಡಿಗೆ ವೇಷಧಾರಿಗಳು ಕುಣಿದು ಮಾತಾಡುತ್ತಾರೆ, ರಾತ್ರಿಯಿಡೀ ನಡೆಯುವುದುಂಟು. ಹೋಳಿಗೆ ಯಾವ ಬಗೆ? ಫ್ಲಾಟ್‌ಬ್ರೆಡ್. ಗುರುತು? ಒಳಗೆ ಬೇಳೆ ಬೆಲ್ಲದ ಸಿಹಿ ಹೂರಣ. ನಮ್ಮ ಆಫೀಸಿನಲ್ಲೊಬ್ಬರು ಅದಕ್ಕೆ ಸ್ವೀಟ್ ಪಿಜ್ಜಾ ಅಂದರು. ತಿಂದವರಿಗೂ ಬೇಸರ, ಹೋಳಿಗೆಗೂ ಬೇಸರ.

## ಮತ್ತೆ ಲಾಲ್‌ಬಾಗ್

ಮೂರು ಸಂಜೆ ಇದೆಲ್ಲ ಮಾತಾಡಿದ ಮೇಲೆ ಅಕ್ಕನ ಮಗಳನ್ನು ಲಾಲ್‌ಬಾಗಿಗೇ ಕರೆದುಕೊಂಡು ಹೋದೆ. ಅಮ್ಮನೂ ಬಂದರು. ಬಂಡೆ ಹತ್ತಿ, ಕೆಂಪೇಗೌಡ ಗೋಪುರದ ಹತ್ತಿರ ಕೂತು ಮೊಬೈಲಿನಲ್ಲಿ ಎರಡು ನಿಮಿಷ ಇಟ್ಟೆವು.

ಬಂಡೆಯ ಬೋರ್ಡು ಓದುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಈ ಬಂಡೆಯ ಜಾತಿಯ ಹೆಸರು ಇಂಗ್ಲಿಷಿನಲ್ಲಿ ‘ನೈಸ್’. ಬರೆಯುವಾಗ ಮುಂದೆ ಒಂದು ಜಿ ಇರುತ್ತದೆ, ಓದುವಾಗ ಇರುವುದಿಲ್ಲ. ಮೊದಲ ದಿನ ವೆರಿ ನೈಸ್ ಅಂದಿದ್ದಳಲ್ಲ, ಭೂವಿಜ್ಞಾನದ ಪ್ರಕಾರ ಅದು ಸರಿಯೇ ಇತ್ತು.

ಈ ಸಲ ಅವಳು ಬ್ಯೂಟಿಫುಲ್ ಅನ್ನಲಿಲ್ಲ. ಇದು ಪಾರ್ಕ್ ಅಲ್ಲ, ಬೊಟಾನಿಕಲ್ ಗಾರ್ಡನ್ ಅಂತ ಶುರು ಮಾಡಿದಳು. 1760ರಲ್ಲಿ ಹೈದರಾಲಿ ಮಾಡಿಸಿದ್ದಕ್ಕೆ ಕಮಿಶನ್ಡ್ ಬಂತು. 1889ರ ಗ್ಲಾಸ್ ಹೌಸ್ ಬಂತು. ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ, ಅದು ತ್ರೀ ಬಿಲಿಯನ್ ಆಯಿತು. ವ್ಯೂ ಹೇಳುವಾಗ ನಿಂತ ಜಾಗ ಹೇಳಿದಳು. ಒಂದು ನಿಮಿಷ ಐವತ್ತು ಸೆಕೆಂಡ್. ಇನ್ನು ಹತ್ತು ಸೆಕೆಂಡ್ ತುಂಬಿಸಬೇಕು. ಪಕ್ಕದಲ್ಲಿ ಕೂತಿದ್ದ ಅಮ್ಮನನ್ನು ನೋಡಿದಳು. "ಮೈ ಗ್ರ್ಯಾಂಡ್‌ಮದರ್ ಈಸ್ ಸೆಡ್ ಟು ಹ್ಯಾವ್ ಸ್ಲಿಡ್ ಡೌನ್ ದಿಸ್ ರಾಕ್ ಆಸ್ ಎ ಚೈಲ್ಡ್."

ಅಮ್ಮ ಏನಂತ ಕೇಳಿದರು. ಚಿಕ್ಕವರಿದ್ದಾಗ ನೀವು ಈ ಬಂಡೆ ಮೇಲೆ ಜಾರಿದ್ದಿರಂತೆ ಅಂತ ಹೇಳಿದಳು ಅಂದೆ.

"ಅಂತೆ ಯಾಕೆ?" ಅಂದರು ಅಮ್ಮ. "ಲಂಗ ಹರಕೊಂಡು ಮನೇಲಿ ಏಟು ತಿಂದೋಳು ನಾನು."